ಅಸಾಧ್ಯವೋ, ದುಷ್ಕರವೋ?



ಅಣ್ಣತಮ್ಮಂದಿರ ಮನಸ್ತಾಪ ಬಗೆಹರಿಸಿಕೊಳ್ಳಿರೆಂದು ನಾವು ಹೇಳಿದರೆ, “ಅದು ಅಸಾಧ್ಯ, ಬುದ್ಧೀ” ಎಂದು ಕೈಮುಗಿಯುವವರುಂಟು. ಇಂದು ಆ ಮಾತನ್ನೇ ವಿಚಾರಿಸೋಣ.

ಆಗದ ಕೆಲಸಕ್ಕೆ ನಾವು ಹಲವು ಹೆಸರು ಹೇಳುತ್ತೇವೆ: ಅಸಾಧ್ಯ, ಅಶಕ್ಯ, ದುಸ್ಸಾಧ್ಯ, ದುಷ್ಕರ. ಎಲ್ಲಕ್ಕೂ ಒಂದೇ ಅರ್ಥವೆಂದು ಬಳಸುತ್ತೇವೆ. ಆದರೆ ಒಂದೇ ಅಲ್ಲ. ಮೊದಲಿಗೆ ಬರುವ ‘ಅ’ಕಾರ ಇಲ್ಲವೆನ್ನುತ್ತದೆ, ‘ದುಸ್’ ಎಂಬುದು ಇಲ್ಲವೆನ್ನುವುದಿಲ್ಲ, ಕಷ್ಟವೆನ್ನುತ್ತದೆ. ಅಸಾಧ್ಯಕ್ಕೆ ಎದುರುಮಾತು ಸಾಧ್ಯ, ಅಶಕ್ಯಕ್ಕೆ ಶಕ್ಯ. ದುಷ್ಕರಕ್ಕೆ ಎದುರುಮಾತು ಸುಕರ, ಅಂದರೆ ಸುಲಭವಾಗಿ ಆಗುವಂಥದು. ದುಷ್ಕರವಾದದ್ದೂ ಸಾಧ್ಯವೇ, ಬೆವರು ಸುರಿಸಬೇಕು, ಅಷ್ಟೇ.

ಫ. ಗು. ಹಳಕಟ್ಟಿಯವರನ್ನು ನೆನೆಯಿರಿ. ಅಂದಿನ ವಿಜಾಪುರದಲ್ಲಿ ವಕೀಲರು. ಮನೆಮನೆಗಳಲ್ಲಿ ಚದುರಿಹೋಗಿದ್ದ ತಾಳೆಗರಿಯ ಕಟ್ಟುಗಳನ್ನು ಅರಸಿ ಊರೂರು ಅಲೆದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗ ಹೊರಬಂದಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಆ ಕಾರ್ಯ ಅವರಿಗೆ ಸುಕರವಾಗಿರಲಿಲ್ಲ. ಅಸಾಧ್ಯವೆಂದು ಅವರು ಕೈಬಿಡಲೂ ಇಲ್ಲ.

ನಿಜವಾಗಿ ಅಸಾಧ್ಯವಾದದ್ದೂ ಉಂಟು. ಹೋದ ಜೀವವನ್ನು ಯಾರೂ ಮರಳಿ ತರಲಾರರು. ಆದರೆ ಮುನಿದ ತಮ್ಮನ ಹೊಸ್ತಿಲು ತುಳಿಯುವುದು ಅಂಥದಲ್ಲ. ಅಭಿಮಾನ ಅಡ್ಡ ನಿಂತಿದೆ. ಅದಕ್ಕೆ ನಾವು ಅಸಾಧ್ಯವೆಂಬ ದೊಡ್ಡ ಹೆಸರಿಟ್ಟಿದ್ದೇವೆ. ತಮ್ಮನಿರುವವರೆಗೆ ಅದು ದುಷ್ಕರ. ಅವನು ಹೋದ ಮೇಲೆ ನಿಜವಾಗಿಯೂ ಅಸಾಧ್ಯ.

ಆದುದರಿಂದ, ಇಂದು ಪ್ರಸಾದ ಮುಗಿಸಿ ಹೋಗುವಾಗ ನೆಟ್ಟಗೆ ಮನೆಗೆ ಹೋಗಬೇಡಿರಿ. ತಮ್ಮನ ಮನೆಯ ಹಾದಿ ಹಿಡಿಯಿರಿ.