ಪಾದಪಥದ ಪಾಠಶಾಲೆ: ವಿಯೆಟ್ನಾಂನ ಬೀದಿ ತಿನಿಸು



ಪರದೇಶಕ್ಕೆ ಹೋದವರು ಅಲ್ಲಿನ ಕೋಟೆ, ದೇಗುಲ, ವಸ್ತುಸಂಗ್ರಹಾಲಯಗಳನ್ನು ನೋಡಿಕೊಂಡು ಬರುವುದು ವಾಡಿಕೆ. ಅವೆಲ್ಲ ನೋಡಬೇಕಾದವೇ. ಆದರೆ ಅಲ್ಲಿನ ಜನ ಬೆಳಗಿನ ಆರು ಗಂಟೆಗೆ ಏನು ತಿನ್ನುತ್ತಾರೆ, ಎಲ್ಲಿ ಕುಳಿತು ತಿನ್ನುತ್ತಾರೆ, ಅದನ್ನು ಮಾಡಿಕೊಡುವವರು ಯಾರು ಎಂಬುದನ್ನು ಗಮನಿಸದೆ ಬಂದರೆ ಆ ದೇಶವನ್ನು ಅರ್ಧವಷ್ಟೇ ನೋಡಿದಂತಾಗುತ್ತದೆ. ವಿಯೆಟ್ನಾಂನ ಮಟ್ಟಿಗಂತೂ ಈ ಮಾತು ಹೆಚ್ಚು ನಿಜ. ಅಲ್ಲಿನ ಅಡುಗೆಮನೆಯೇ ಬೀದಿಗೆ ಬಂದು ಕುಳಿತಿದೆ. ಇಂದು ಆ ಬೀದಿ ತಿನಿಸಿನ ಪರಿಚಯದ ಜೊತೆಗೆ, ಅದರ ಹಿಂದಿನ ಇತಿಹಾಸ ಮತ್ತು ವಿಜ್ಞಾನವನ್ನೂ, ಪ್ರವಾಸಿಯಾದವನು ಅಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನೂ ಸ್ವಲ್ಪ ವಿಚಾರ ಮಾಡೋಣ.

ಭೂಪಟದಲ್ಲಿ ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಕಿರಿದಾದ ದೇಶ. ಉತ್ತರದಲ್ಲಿ ರಾಜಧಾನಿ ಹನೋಯಿ, ನಡುವೆ ಹಳೆಯ ಅರಸರ ಊರು ಹುಯೆ ಮತ್ತು ಹಳೆಯ ಬಂದರು ಹೊಯಿ ಆನ್, ದಕ್ಷಿಣದಲ್ಲಿ ಹೋ ಚಿ ಮಿನ್ ನಗರ. ಈ ಕೊನೆಯದರ ಹಳೆಯ ಹೆಸರು ಸೈಗಾನ್. ಉತ್ತರದಲ್ಲಿ ಚಳಿಗಾಲವಿದೆ, ದಕ್ಷಿಣದಲ್ಲಿ ವರ್ಷವಿಡೀ ಸೆಕೆ. ಹಾಗಾಗಿ ಊರಿಂದೂರಿಗೆ ರುಚಿ ಬದಲಾಗುತ್ತದೆ. ಎಲ್ಲೆಡೆ ಸಮಾನವಾಗಿರುವುದು ಅಕ್ಕಿ, ಹಸಿ ಸೊಪ್ಪು ಮತ್ತು ಪಾದಪಥದ ಮೇಲಿನ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲು. 2016ರ ಮೇ ತಿಂಗಳಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಒಬಾಮ ಅವರು ಹನೋಯಿಯ ಸಾಧಾರಣ ಹೋಟೆಲೊಂದರಲ್ಲಿ ಇಂಥದೇ ಸ್ಟೂಲಿನ ಮೇಲೆ ಕುಳಿತು ಬುನ್ ಚಾ ಎಂಬ ತಿಂಡಿ ತಿಂದರು. ಆ ಚಿತ್ರ ಜಗತ್ತಿಗೆಲ್ಲ ಹೋಯಿತು. ಅಲ್ಲಿಯ ಜನರಿಗಂತೂ ಅದು ನಿತ್ಯದ ಆಸನ.

ಅಲ್ಲಿ ಅಂಗಡಿಯವರನ್ನು ಕರೆಯುವ ರೀತಿ ನಮಗೆ ಕೂಡಲೇ ಹಿಡಿಸುತ್ತದೆ. ವಿಯೆಟ್ನಾಂ ಭಾಷೆಯಲ್ಲಿ ಅಪರಿಚಿತರನ್ನೂ ಬಂಧುವಾಚಕದಿಂದಲೇ ಕರೆಯಬೇಕು. ತನಗಿಂತ ಸ್ವಲ್ಪ ಹಿರಿಯ ಹೆಂಗಸಾದರೆ ‘ಚಿ’ ಎಂದರೆ ಅಕ್ಕ, ಗಂಡಸಾದರೆ ‘ಆನ್’ ಎಂದರೆ ಅಣ್ಣ. ‘ಚಿ ಓಯ್’ ಎಂದು ಕೂಗಿದರೆ ನಾವು ‘ಅಕ್ಕಾ’ ಎಂದು ಕೂಗಿದಂತೆಯೇ. ಈ ಎರಡು ಪದಗಳನ್ನು ಕಲಿತು ಹೋದ ಪ್ರವಾಸಿಗೆ ಸಿಗುವ ನಗು, ಬೆರಳು ತೋರಿಸಿ ಮಾತಾಡುವವನಿಗೆ ಸಿಗುವುದಿಲ್ಲ.

ಇನ್ನು ‘ಫೊ’ ಎಂಬ ಖಾದ್ಯದಿಂದ ಆರಂಭಿಸೋಣ. ಇದರ ಉಚ್ಚಾರಣೆ ‘ಫ’ ಮತ್ತು ‘ಫೊ’ಗಳ ನಡುವಿನದು, ಪ್ರಶ್ನೆ ಕೇಳಿದಂತೆ ದನಿಯನ್ನು ಇಳಿಸಿ ಏರಿಸಬೇಕು. ಅಗಲ ಎಳೆಯ ಅಕ್ಕಿ ಶ್ಯಾವಿಗೆಯ ಮೇಲೆ ಕುದಿಯುವ ಸಾರು ಹೊಯ್ದು ಕೊಡುವ ದೊಡ್ಡ ಬಟ್ಟಲು ಇದು. ಮೂಳೆಗಳನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ ಸಾರು ತೆಗೆಯುತ್ತಾರೆ. ಆಗ ಮೂಳೆಯ ಸುತ್ತಲಿನ ಕೊಲಾಜೆನ್ ಎಂಬ ಪ್ರೋಟೀನು ಕರಗಿ ಜೆಲಾಟಿನ್ ಆಗುತ್ತದೆ. ಸಾರಿಗೆ ಮೈ ಬರುವುದು ಇದರಿಂದ. ಕೆಂಡದಲ್ಲಿ ಸುಟ್ಟ ಶುಂಠಿ, ಈರುಳ್ಳಿಗಳ ಜೊತೆಗೆ ಚಕ್ಕೆ, ಲವಂಗ, ಚಕ್ರಮೊಗ್ಗು ಬೀಳುತ್ತವೆ. ಈ ಚಕ್ರಮೊಗ್ಗು ನಮ್ಮ ಪಲಾವು, ಬಿರಿಯಾನಿಗಳ ಮಸಾಲೆಯೇ. ಅದರ ಮರಗಳು ಉತ್ತರ ವಿಯೆಟ್ನಾಂನ ಲಾಂಗ್ ಸೊನ್ ಪ್ರಾಂತದ ಬೆಟ್ಟಗಳಲ್ಲಿ ಬೆಳೆಯುತ್ತವೆ ಮತ್ತು ಅಲ್ಲಿಂದ ಭಾರತಕ್ಕೂ ಬರುತ್ತವೆ.

ಫೊ ಬಹಳ ಪುರಾತನವಾದುದೇನಲ್ಲ. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಸುಮಾರಾಗಿ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ, ಹನೋಯಿ ಮತ್ತು ನಾಮ್ ದಿನ್ ಸುತ್ತಮುತ್ತ ಇದು ರೂಪುಗೊಂಡಿತು. 1954ರಲ್ಲಿ ದೇಶ ಎರಡಾದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ವಲಸೆ ಹೋದರು. ಅವರೊಡನೆ ಫೊ ಕೂಡ ಹೋಯಿತು. ದಕ್ಷಿಣದವರು ಅದಕ್ಕೆ ಮೊಳಕೆಕಾಳು, ನಿಂಬೆ, ಸಿಹಿ ಗೊಜ್ಜು, ತಟ್ಟೆ ತುಂಬ ಹಸಿ ಸೊಪ್ಪು ಸೇರಿಸಿಕೊಂಡರು. ಉತ್ತರದವರಿಗೆ ಇದು ಇಂದಿಗೂ ಅತಿಯಾಯಿತು ಎನಿಸುತ್ತದೆ. ಸಾಂಬಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ನಮ್ಮಲ್ಲಿ ನಡೆಯುವ ವಾದವನ್ನು ನೆನೆದರೆ ಈ ಜಗಳ ಅರ್ಥವಾಗುತ್ತದೆ.

ಫೊ ಬಡತನವನ್ನೂ ಕಂಡಿದೆ. ಯುದ್ಧದ ಮತ್ತು ಪಡಿತರದ ವರ್ಷಗಳಲ್ಲಿ ಉತ್ತರದ ಸರಕಾರಿ ಅಂಗಡಿಗಳಲ್ಲಿ ಮಾಂಸವಿಲ್ಲದ ಫೊ ಕೊಡುತ್ತಿದ್ದರು. ಅದೇ ಕಾಲದಲ್ಲಿ ಅಮೆರಿಕದ ಚಾಲಕರಹಿತ ಗೂಢಚಾರ ವಿಮಾನಗಳು ಆ ಆಕಾಶದಲ್ಲಿ ಹಾರುತ್ತಿದ್ದವು. ಹನೋಯಿಯ ಜನ ಆ ಬರಿಯ ಸಾರಿಗೆ ‘ಪೈಲಟ್ ಇಲ್ಲದ ಫೊ’ ಎಂದು ಹೆಸರಿಟ್ಟರು. ಬಾಂಬು ಬೀಳುವ ಊರಿನಲ್ಲಿ, ಪಡಿತರದ ಸಾಲಿನಲ್ಲಿ ನಿಂತವರು ಹುಟ್ಟಿಸಿದ ನಗೆಮಾತು ಇದು. 1986ರಲ್ಲಿ ‘ದೋಯಿ ಮೋಯಿ’ ಎಂಬ ಆರ್ಥಿಕ ಸುಧಾರಣೆ ಆರಂಭವಾದ ಮೇಲೆ ಖಾಸಗಿ ಅಂಗಡಿಗಳು ಮತ್ತೆ ಬೀದಿಗೆ ಬಂದವು. 2024ರ ಆಗಸ್ಟ್‌ನಲ್ಲಿ ಹನೋಯಿಯ ಮತ್ತು ನಾಮ್ ದಿನ್‌ನ ಫೊ ಆ ದೇಶದ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು.

ಅಕ್ಕಿಯ ವಿಷಯಕ್ಕೆ ಬಂದರೆ ನಮಗೆ ಅಲ್ಲಿ ಪರಕೀಯತೆ ಕಾಣುವುದೇ ಇಲ್ಲ. ‘ಬಾನ್ ಕುವೊನ್’ ಮಾಡುವಾಗ ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ನೀರುದೋಸೆಯಂಥ ತೆಳು ಹಿಟ್ಟನ್ನು ಅದರ ಮೇಲೆ ಸವರುತ್ತಾರೆ. ಅರೆ ನಿಮಿಷದಲ್ಲಿ ಅದು ಬೆಂದು ಪಾರದರ್ಶಕ ಹಾಳೆಯಾಗುತ್ತದೆ. ನೆನೆದ ಅಕ್ಕಿಯ ಪಿಷ್ಟದ ಕಣಗಳು ಬಿಸಿಗೆ ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವುದೇ ಇದರ ಗುಟ್ಟು. ‘ಬುನ್’ ಎಂಬ ದುಂಡು ಎಳೆಯನ್ನು ಹಿಟ್ಟು ಒತ್ತಿಯೇ ತೆಗೆಯುತ್ತಾರೆ. ಮಲೆನಾಡಿನ ಒತ್ತುಶ್ಯಾವಿಗೆ, ಕೊಡಗಿನ ನೂಪುಟ್ಟು ಬಲ್ಲವರಿಗೆ ಅದು ಹತ್ತಿರದ ನೆಂಟ. ಇನ್ನು ‘ಬಾನ್ ಸೆಯೊ’ ಎಂಬುದಂತೂ ಅರಿಸಿನ ಹಾಕಿದ ದೋಸೆಯೇ ಸರಿ. ದಕ್ಷಿಣದಲ್ಲಿ ಹಿಟ್ಟಿಗೆ ತೆಂಗಿನ ಹಾಲನ್ನೂ ಬೆರೆಸುತ್ತಾರೆ. ಕಾದ ಬಾಣಲೆಗೆ ಹಿಟ್ಟು ಹೊಯ್ದಾಗ ಕೇಳುವ ಸದ್ದೇ ‘ಸೆಯೊ’. ನಮ್ಮ ‘ಚುಂಯ್’ ಅವರ ಕಿವಿಗೆ ಹಾಗೆ ಕೇಳಿದೆ.

ಹೊಯಿ ಆನ್‌ನಲ್ಲಿ ಸಿಗುವ ‘ಕಾವ್ ಲಾವ್’ ಎಂಬ ದಪ್ಪ ಶ್ಯಾವಿಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅದಕ್ಕೆ ಅಕ್ಕಿಯನ್ನು ಕಟ್ಟಿಗೆಯ ಬೂದಿ ಬೆರೆಸಿ ತಿಳಿಗೊಳಿಸಿದ ನೀರಿನಲ್ಲಿ ನೆನೆಹಾಕುವುದು ಸಂಪ್ರದಾಯ. ಬೂದಿನೀರು ಕ್ಷಾರಗುಣದ್ದು. ಕ್ಷಾರವು ಎಳೆಗೆ ಹಳದಿ ಛಾಯೆಯನ್ನೂ ಜಗಿಯುವ ಗಟ್ಟಿತನವನ್ನೂ ಕೊಡುತ್ತದೆ. ನಮ್ಮ ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಬೆರೆಸುವವರಿಗೆ ಹಿಟ್ಟಿನ ಮೇಲೆ ಕ್ಷಾರ ಮಾಡುವ ಕೆಲಸ ಹೊಸದೇನಲ್ಲ.

ಪರೀಕ್ಷೆ ಬರುವುದು ‘ನುವೊಕ್ ಮಾಮ್’ ಅಂದರೆ ಮೀನಿನ ರಸದ ಹತ್ತಿರ. ಆಂಚೊವಿ ಎಂಬ ಬೆರಳುದ್ದದ ಮೀನು ಮೂರು ಪಾಲು, ಉಪ್ಪು ಒಂದು ಪಾಲು ಸೇರಿಸಿ ದೊಡ್ಡ ಮರದ ಪೀಪಾಯಿಗಳಲ್ಲಿ ಸುಮಾರು ಒಂದು ವರ್ಷ ಇಡುತ್ತಾರೆ. ಫು ಕುವೊಕ್ ದ್ವೀಪ ಇದಕ್ಕೆ ಹೆಸರುವಾಸಿ. ವಾಸನೆ ತೀವ್ರವಾದುದು, ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುವುದು ಸಹಜ. ಆದರೆ ಇದು ಕೊಳೆತ ಮೀನಲ್ಲ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳು ಬೆಳೆಯಲಾರವು. ಮೀನಿನ ಜೀರ್ಣಾಂಗದಲ್ಲೇ ಇರುವ ಕಿಣ್ವಗಳು ಪ್ರೋಟೀನನ್ನು ನಿಧಾನವಾಗಿ ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಅವುಗಳಲ್ಲಿ ಗ್ಲುಟಮೇಟ್ ಮುಖ್ಯವಾದುದು. 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನೆ ಇಕೆಡಾ ಅವರು ‘ಉಮಾಮಿ’ ಎಂದು ಹೆಸರಿಟ್ಟ ರುಚಿ ಇದರದೇ. ನಮ್ಮ ಕರಾವಳಿಯ ಒಣಮೀನಿನ ವಾಸನೆ ಹೊರಗಿನವರಿಗೆ ಹೇಗೋ ನಮಗೆ ಇದು ಹಾಗೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ನಾನು ಇದನ್ನು ತಿನ್ನುವುದಿಲ್ಲ’ ಎನ್ನುವುದು ಬೇರೆ, ‘ಇದು ಅಸಹ್ಯ’ ಎನ್ನುವುದು ಬೇರೆ. ಮೊದಲನೆಯದು ನಿಮ್ಮ ಹಕ್ಕು. ಎರಡನೆಯದು ಎದುರಿಗಿರುವವರ ಅನ್ನಕ್ಕೆ ಮಾಡುವ ಅವಮಾನ. ನಮ್ಮ ದೇಶದಲ್ಲಿಯೇ ಒಬ್ಬರ ಬುತ್ತಿಯ ವಾಸನೆಗೆ ಇನ್ನೊಬ್ಬರು ಮುಖ ಸಿಂಡರಿಸಿದಾಗ ಆಗುವ ನೋವು ಹಾಸ್ಟೆಲಿನಲ್ಲಿರುವ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಅರಿವನ್ನು ಪ್ರವಾಸದಲ್ಲಿಯೂ ಜೊತೆಗಿಟ್ಟುಕೊಳ್ಳಬೇಕು.

ಹಾಗಾದರೆ ಸಸ್ಯಾಹಾರಿಗಳ ಗತಿ ಏನು? ಉಪವಾಸ ಬೀಳಬೇಕಾಗಿಲ್ಲ. ಬೌದ್ಧ ಸಂಪ್ರದಾಯದಿಂದಾಗಿ ಅಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಎಂಬ ಹೆಸರೇ ಇದೆ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ, ಅನೇಕರು ಮಾಂಸ ಮುಟ್ಟುವುದಿಲ್ಲ. ‘ತೋಯ್ ಆನ್ ಚಾಯ್’, ಅಂದರೆ ‘ನಾನು ಸಸ್ಯಾಹಾರಿ’, ಎಂದರೆ ಅರ್ಥವಾಗುತ್ತದೆ. ಆದರೆ ಬರೀ ತರಕಾರಿಯಂತೆ ಕಾಣುವ ಪಲ್ಯದಲ್ಲಿಯೂ ಮೀನಿನ ರಸ ಇರಬಹುದಾದ್ದರಿಂದ, ‘ಚಾಯ್’ ಎಂದು ಫಲಕ ಹಾಕಿದ ಅಂಗಡಿಯನ್ನೇ ಹುಡುಕುವುದು ಕ್ಷೇಮ. ಮಾಂಸಾಹಾರಿಗಳೂ ತಮ್ಮ ಕಟ್ಟುಪಾಡಿದ್ದರೆ ಕೇಳಿ ತಿಳಿಯಬೇಕು: ‘ಬೊ’ ಎಂದರೆ ದನ, ‘ಗಾ’ ಎಂದರೆ ಕೋಳಿ.

ಬ್ರೆಡ್ಡು ಮತ್ತು ಕಾಫಿ ಫ್ರೆಂಚರಿಂದ ಬಂದವು. ಆಳಿದವರ ಉದ್ದನೆಯ ಬ್ರೆಡ್ಡನ್ನು ಸೀಳಿ, ಉಪ್ಪಿನಕಾಯಿ ಹಾಕಿದ ಗಜ್ಜರಿ, ಮೂಲಂಗಿ, ಕೊತ್ತಂಬರಿ ಸೊಪ್ಪು, ಮೆಣಸಿನಕಾಯಿ, ಮಾಂಸ ತುಂಬಿ ‘ಬಾನ್ ಮಿ’ ಮಾಡಿಕೊಂಡರು. ಕಾಫಿ ಗಿಡ 1857ರಲ್ಲಿ ಫ್ರೆಂಚ್ ಪಾದ್ರಿಗಳ ಮೂಲಕ ಬಂದಿತು. ಇಂದು ಬ್ರೆಜಿಲ್ ಬಿಟ್ಟರೆ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ರೊಬಸ್ಟಾ ತಳಿಯಲ್ಲಿ ಅದೇ ಮೊದಲು. ಲೋಟದ ಮೇಲೆ ‘ಫಿನ್’ ಎಂಬ ಪುಟ್ಟ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸುತ್ತಾರೆ. ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಜಾ ಹಾಲು ದುರ್ಲಭವಾಗಿದ್ದುದರಿಂದ ಡಬ್ಬಿಯ ಸಿಹಿ ಗಟ್ಟಿಹಾಲು ಬಳಕೆಗೆ ಬಂತು. 1946ರಲ್ಲಿ ಹಾಲಿನ ಅಭಾವವಿದ್ದಾಗ ಹನೋಯಿಯ ಹೋಟೆಲ್ ನೌಕರ ನುಯೆನ್ ವಾನ್ ಜಾಂಗ್ ಎಂಬುವರು ಮೊಟ್ಟೆಯ ಹಳದಿಯನ್ನು ನೊರೆಯಾಗಿ ಕಡೆದು ಕಾಫಿಯ ಮೇಲೆ ಹಾಕಿದರು. ಆ ಮೊಟ್ಟೆ ಕಾಫಿ ಈಗ ನಗರದ ಹೆಮ್ಮೆ.

ನಮ್ಮ ದಕ್ಷಿಣ ಭಾರತದ ಗುರುತೂ ಅಲ್ಲಿದೆ. ಫ್ರೆಂಚರ ಕಾಲದಲ್ಲಿ ಪುದುಚೇರಿ ಕಡೆಯ ತಮಿಳರು ಸೈಗಾನ್‌ಗೆ ಹೋಗಿ ನೆಲೆಸಿದ್ದರು. ಆ ನಗರದಲ್ಲಿ ಇಂದಿಗೂ ಮಾರಿಯಮ್ಮನ ಗುಡಿ ಇದೆ. ದಕ್ಷಿಣದ ಬೀದಿಗಳಲ್ಲಿ ಸಿಗುವ ‘ಕಾ ರಿ’ ಎಂಬ ತೆಂಗಿನಹಾಲಿನ ಸಾರಿನ ಹೆಸರೂ ನಮ್ಮ ಕಡೆಯದೇ.

ಆರೋಗ್ಯದ ವಿಚಾರವನ್ನು ಮರೆಯುವಂತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹೊಯಿ ಆನ್‌ನಲ್ಲಿ ಬಾನ್ ಮಿ ತಿಂದ ನೂರಾರು ಜನ ಅಸ್ವಸ್ಥರಾದರು. ಪರೀಕ್ಷೆಯಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಪತ್ತೆಯಾಯಿತು. ರೋಗಾಣುಗಳು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಹೆಚ್ಚುತ್ತವೆ. ಹಾಗಾಗಿ ಕುದಿಯುತ್ತಿರುವ ಸಾರು, ಕಣ್ಣೆದುರು ಬೆಂದ ದೋಸೆ ಹೆಚ್ಚು ಸುರಕ್ಷಿತ. ಬೆಚ್ಚಗೆ ಹೊತ್ತು ಕಳೆದ ಮಾಂಸ, ಹಸಿ ಮೊಟ್ಟೆಯಿಂದ ಮಾಡಿದ ಗೊಜ್ಜು, ನೀರು ತಿಳಿಯದ ಊರಿನ ಹಸಿ ಸೊಪ್ಪು ಅಪಾಯಕ್ಕೆ ಹತ್ತಿರ. ಗಿರಾಕಿಗಳು ಹೆಚ್ಚಿರುವಲ್ಲಿ ಪದಾರ್ಥ ಬೇಗ ಖರ್ಚಾಗುತ್ತದೆ. ಹೆಸರಿಗಿಂತ ಉಷ್ಣಾಂಶವನ್ನು ನಂಬುವುದು ಲೇಸು.

ಕೊನೆಯದಾಗಿ ಬೆಲೆ ಮತ್ತು ಬದುಕು. ಒಂದು ಬಟ್ಟಲು ಫೊಗೆ 50 ಸಾವಿರ ಡಾಂಗ್ ಎಂದರೆ ಗಾಬರಿಯಾಗಬೇಡಿ. ಈಗಿನ ದರದಲ್ಲಿ ಅದು ಇನ್ನೂರು ರೂಪಾಯಿಗೂ ಕಡಿಮೆ. ಆ ಹಣದ ಹಿಂದೆ ನಡುರಾತ್ರಿಯಿಂದ ಒಲೆಯ ಮುಂದೆ ನಿಂತ ಒಬ್ಬ ತಾಯಿ ಇರಬಹುದು. ಬಿದಿರಿನ ದಬ್ಬೆಯ ಎರಡು ತುದಿಗೆ ಬುಟ್ಟಿ ಕಟ್ಟಿ ಹೆಗಲ ಮೇಲೆ ಹೊತ್ತು ತಿರುಗುವ ಹೆಂಗಸು ಇರಬಹುದು. ಪಾದಪಥ ನಡೆಯುವವರದೋ, ದುಡಿಯುವವರದೋ ಎಂಬ ಪ್ರಶ್ನೆ ಅಲ್ಲಿಯೂ ಬಿಸಿಯಾಗಿದೆ. 2017ರಲ್ಲಿ ಹೋ ಚಿ ಮಿನ್ ನಗರದ ಮಧ್ಯಭಾಗದಲ್ಲಿ ದೊಡ್ಡ ತೆರವು ಕಾರ್ಯಾಚರಣೆ ನಡೆಯಿತು. ನಮ್ಮಲ್ಲಿ ಇಂಥ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕಾಯಿದೆಯೇ ಬಂದಿದೆ. ಆದರೂ ತಳ್ಳುಗಾಡಿಯವರ ಆತಂಕ ತೀರಿಲ್ಲ.

ವಿಯೆಟ್ನಾಂಗೆ ಹೋಗುವ ಅವಕಾಶ ಎಲ್ಲರಿಗೂ ಈಗಲೇ ಸಿಗಲಾರದು. ಅದುವರೆಗೆ ನಿಮ್ಮ ಕಾಲೇಜಿನ ಮುಂದಿನ ತಳ್ಳುಗಾಡಿಯವರನ್ನೇ ಒಮ್ಮೆ ಮಾತಾಡಿಸಿ. ಎಷ್ಟು ಗಂಟೆಗೆ ಏಳುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಈ ಅಡುಗೆ ಯಾರಿಂದ ಕಲಿತಿರಿ ಎಂದು ಕೇಳಿ. ನಾಳೆ ಹನೋಯಿಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೇ.