ಮಗುವಿಗಾಗಿ ಕೋರ್ಟಿಗೆ ಹೋಗುವ ತಾಯಿಗೆ ವಕೀಲರ ಫೀ ಯಾರು ಕೊಡಬೇಕು?

(ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣ)



ವರದಕ್ಷಿಣೆ ಹಿಂಸೆ ತಾಳಲಾರದೆ ಹೆಣ್ಣುಮಗಳು ತವರಿಗೆ ಹೊರಟಾಗ ಗಂಡನ ಮನೆಯವರು ಎಷ್ಟೋ ಸಲ ಅವಳನ್ನು ತಡೆಯುವುದಿಲ್ಲ, ಮಗುವನ್ನು ತಡೆಯುತ್ತಾರೆ. 'ಕೂಸು ಬೇಕಂದ್ರ ಕೇಸು ವಾಪಸ್ ತಗೋ' ಎನ್ನುತ್ತಾರೆ. ಮಗುವೇ ಒತ್ತೆಯಾಗುತ್ತದೆ. ಕೋರ್ಟಿಗೆ ಹೋಗೋಣವೆಂದರೆ ವಕೀಲರ ಫೀ ಬೇಕು. ಕಬ್ಬು ಕಡಿದು, ತೊಗರಿ ಹೊಲದಲ್ಲಿ ಕಳೆ ತೆಗೆದು ದಿನ ದೂಡುವವಳು ಎಲ್ಲಿಂದ ತರಬೇಕು? ಕೊರಳಲ್ಲಿದ್ದ ಚೂರು ಬಂಗಾರ ಅಡವಿಡುತ್ತಾಳೆ. ಇಲ್ಲವೇ ಸಂಘಕ್ಕೆ ಬಂದು ಸಾಲ ಕೇಳುತ್ತಾಳೆ.

ಸಾಲ ಕೊಡುವ ಮುಂಚೆ ಒಂದು ಮಾತು ತಿಳಿದಿರಲಿ. ಅವಳಿಗೆ ವಕೀಲರನ್ನು ಕೊಡುವ ಹೊಣೆ ಸರ್ಕಾರದ್ದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಕಲಮಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗಬೇಕು. ಉಳಿದ ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಉಂಟು. ಬಡ ತಂದೆಗೂ ಈ ಬಾಗಿಲು ಮುಚ್ಚಿಲ್ಲ. ತಾಲ್ಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ, ಇಲ್ಲವೇ ಕಲಬುರಗಿಯ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಬರೆಯಲು ಬಾರದವರು ಬಾಯಿಮಾತಿನಲ್ಲೇ ಹೇಳಬಹುದು, ಅಲ್ಲಿಯವರು ಬರೆದುಕೊಳ್ಳಬೇಕು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನೇಮಕವಾದ ವಕೀಲರಿಗೆ ಪ್ರಾಧಿಕಾರವೇ ಹಣ ಕೊಡುತ್ತದೆ. ಅವರು ನಿಮ್ಮ ಹತ್ತಿರ ಕೈಚಾಚಿದರೆ ಪ್ರಾಧಿಕಾರಕ್ಕೆ ದೂರು ಕೊಡಿ, ಹೆದರಬೇಡಿ.

1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆ ಇನ್ನೊಂದು ಮಾತು ಹೇಳುತ್ತದೆ: ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ, ಕೋರ್ಟು ಒಪ್ಪಬೇಕು. ಬಡವರು ತಮ್ಮ ಮಾತು ತಾವೇ ಆಡಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಗಂಡನ ಪಕ್ಕ ಕರಿ ಕೋಟು ನಿಂತಿದ್ದರೆ ಇವಳೊಬ್ಬಳೇ ನಿಲ್ಲುವುದು ಸಮಾನತೆಯೆ? 'ನನಗೂ ವಕೀಲರು ಬೇಕು' ಎಂದು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಕೇಳಬೇಕು. ಹಿಂದೂ ವಿವಾಹ ಕಾಯಿದೆಯ ಕೇಸಾದರೆ 24ನೇ ಕಲಮಿನಲ್ಲಿ ಕೇಸಿನ ಖರ್ಚನ್ನು ಗಂಡನಿಂದಲೇ ಕೇಳಬಹುದು.

ಇನ್ನು ಮಗುವಿನ ವಿಷಯ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದಕ್ಕಿಂತ ದೊಡ್ಡ ಮಾತು, ಮಗುವಿನ ಹಿತವೇ ಎಲ್ಲಕ್ಕೂ ಮೇಲು. ಯಾರ ಹತ್ತಿರ ಹೊಲ ಹೆಚ್ಚಿದೆ ಎಂಬುದೊಂದೇ ಅಳತೆಯಲ್ಲ. ಶಾಶ್ವತ ತೀರ್ಪಿಗೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 21ನೇ ಕಲಮಿದೆ. ಹಿಂಸೆಗೊಳಗಾದ ಯಾವ ಧರ್ಮದ ಹೆಂಗಸೂ ತಾನು ಈಗ ಇರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಮಗುವನ್ನು ತಾತ್ಕಾಲಿಕವಾಗಿ ತನಗೆ ಒಪ್ಪಿಸಲು ಕೇಳಬಹುದು. ತಡ ಮಾಡಬೇಡಿ. ಮಗುವನ್ನು ಪುಣೆಗೋ ಮುಂಬಯಿಗೋ ಒಯ್ದು ವರುಷ ಕಳೆದರೆ 'ಮಗು ಇಲ್ಲೇ ಹೊಂದಿಕೊಂಡಿದೆ' ಎಂಬ ವಾದ ಹುಟ್ಟುತ್ತದೆ.

ಹಾಗಾದರೆ ಸಂಘದ ಹಣಕ್ಕೆ ಕೆಲಸವಿಲ್ಲವೆ? ಇದೆ. ವಕೀಲರು ಪುಕ್ಕಟೆ ಸಿಕ್ಕರೂ ಬಸ್ ಚಾರ್ಜು ಪುಕ್ಕಟೆಯಲ್ಲದ ಕಡೆ ಇರುತ್ತದೆ, ತಾರೀಖಿನ ದಿನ ಕೂಲಿ ತಪ್ಪುತ್ತದೆ, ಜನನ ಪತ್ರ, ಶಾಲೆಯ ದಾಖಲೆ, ದವಾಖಾನೆ ಚೀಟಿಗಳ ಪ್ರತಿ ತೆಗೆಸಬೇಕು. ಎಷ್ಟೋ ಕೇಸು ವಾದದಲ್ಲಿ ಸೋಲುವುದಿಲ್ಲ, ತಾರೀಖಿಗೆ ಹೋಗಲಾರದೆ ಸೋಲುತ್ತವೆ. ಅದಕ್ಕೆಂದು ವಾರದ ಉಳಿತಾಯದಲ್ಲಿ ಒಂದಿಷ್ಟು ಬೇರೆ ತೆಗೆದಿಡಿ. ಸಾಲವೆಂದು ಬೇಡ, ಬಡ್ಡಿಯಂತೂ ಬೇಡವೇ ಬೇಡ. ತಾರೀಖಿನ ದಿನ ಇಬ್ಬರು ಜೊತೆಗೆ ಹೋಗಿ, ಕೋರ್ಟಿನ ಕಟ್ಟೆಯ ಮೇಲೆ ಕೂಡಿ. ನಮ್ಮವರು ಬಂದಿದ್ದಾರೆ ಎಂಬ ಧೈರ್ಯ ಅವಳಿಗೂ ಬೇಕು, ಎದುರಿನವರಿಗೂ ಕಾಣಬೇಕು.

ಇವತ್ತು ಸಭೆ ಮುಗಿಸುವ ಮುಂಚೆ ಠರಾವು ಪುಸ್ತಕದಲ್ಲಿ ಇದನ್ನು ಬರೆದು ಎಲ್ಲರೂ ಸಹಿ ಹಾಕೋಣ. ಹೆಬ್ಬೆಟ್ಟಾದರೂ ಸರಿ.