ದುಡಿಮೆಯೂ ಶ್ರದ್ಧೆಯೂ



“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿಲ್ಲ. ಪಾಠಶಾಲೆಯ ಗೋಡೆಯ ಮೇಲೆ ಅದನ್ನು ಬರೆಯಿಸುತ್ತೇವೆ. ಅದರ ಮೇಲೆ ಹುಡುಗರಿಂದ ಪ್ರಬಂಧ ಬರೆಯಿಸುತ್ತೇವೆ. ಓದದ ಮಗನಿಗೆ ಅದನ್ನೇ ಉಪದೇಶಿಸುತ್ತೇವೆ. ಆದರೆ ಗಾದೆಯನ್ನು ಹೆಚ್ಚಾಗಿ ಹೇಳುವವರು ಕೈಗೆ ಕೆಸರು ತಾಗದ ನಮ್ಮಂಥವರು. ಕೈಯೆಲ್ಲ ಕೆಸರಾದವರಿಗೆ ಅದನ್ನು ಹೇಳುವ ಅವಕಾಶವೂ ಇಲ್ಲ, ಅವಶ್ಯಕತೆಯೂ ಇಲ್ಲ. ದುಡಿಮೆ ಮತ್ತು ಶ್ರದ್ಧೆಗಳು ಮನುಷ್ಯರ ಬಾಳನ್ನೂ ಕನಸನ್ನೂ ಹೇಗೆ ತಿದ್ದುತ್ತವೆ ಎಂಬ ವಿಚಾರವನ್ನು ಈ ಹೊತ್ತು ಎತ್ತಿಕೊಂಡಿರುವ ನಾವು, ಗಾದೆಯನ್ನು ಗದ್ದೆಯ ಅಂಚಿನಿಂದ ಸ್ವಲ್ಪ ದೂರ, ಉಪ್ಪುನೀರಿನ ದಡಕ್ಕೆ ಕೊಂಡೊಯ್ದು ಪರೀಕ್ಷಿಸಿ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ತೆಂಗಿನಗುಂಡಿ ಎಂಬುದೊಂದು ಮೀನುಗಾರರ ಬಂದರು. ಒಂದು ಕಡೆ ಅರಬ್ಬೀ ಸಮುದ್ರ, ಬೆನ್ನ ಹಿಂದೆ ತೆಂಗಿನ ತೋಟಗಳು, ಅದರಾಚೆಗೆ ಸಹ್ಯಾದ್ರಿಯ ನೀಲಿ ಸಾಲು. ಯಾತ್ರಿಕನ ಕಣ್ಣಿಗೆ ಇದು ರಮ್ಯವಾದ ಚಿತ್ರ. ಅಲ್ಲಿ ಬಾಳುವವರಿಗಾದರೋ ಅದೇ ಹೊಲ, ಅದೇ ಅಂಗಡಿ, ಅದೇ ಅಪಾಯ. ಬೇಸಾಯಗಾರನು ತಾನು ಬಿತ್ತಿದ್ದನ್ನು ನೋಡಬಲ್ಲನು, ಪೈರಿನ ಎತ್ತರವನ್ನು ಅಳೆಯಬಲ್ಲನು. ಮೀನುಗಾರನ ಬೆಳೆ ನೀರಿನ ಕೆಳಗೆ ಓಡಾಡುವುದು. ಹಿಂದಿನ ರಾತ್ರಿ ತುಂಬಿ ಬಂದ ಬಲೆ ಮರುದಿನ ಬರಿದಾಗಿ ಬರಬಹುದು. ಎರಡು ದಿನವೂ ಪಟ್ಟ ಶ್ರಮ ಒಂದೇ. ಮಳೆಗಾಲದಲ್ಲಿ ಕಡಲು ತಾನಾಗಿಯೇ ಬಾಗಿಲು ಮುಚ್ಚುವುದು. ಈಗ ಮೀನಿನ ಸಂತತಿ ಉಳಿಯಲೆಂದು ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಸರಕಾರವೂ ನಿಷೇಧ ಹಾಕುತ್ತದೆ. ಶ್ರಾವಣದ ಹುಣ್ಣಿಮೆಯಲ್ಲಿ ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿ ಕೈಮುಗಿಯುವ ಪದ್ಧತಿ ಕರಾವಳಿಯಲ್ಲಿ ಇಂದಿಗೂ ಉಂಟು. ಹೊರಗಿನವರು ಇದನ್ನು ಭಯಭಕ್ತಿಯೆಂದು ಮಾತ್ರ ಭಾವಿಸಬಹುದು. ಫಲವು ತನ್ನ ಕೈಯಲ್ಲಿಲ್ಲವೆಂದು ತಿಳಿದೂ ಕೆಲಸಕ್ಕೆ ಹೊರಡುವವನ ಸಂಕಲ್ಪ ಅದರಲ್ಲಿದೆಯೆಂದು ನಮಗೆ ತೋರುತ್ತದೆ.

ಈ ದಡದಲ್ಲಿ ಹಿಂದೆ ರಂಪಣಿ ಎಂಬ ಮಹಾಬಲೆಯ ಕಾಲವೊಂದಿತ್ತು. ಇಡೀ ಬಲೆ ಒಬ್ಬನ ಸೊತ್ತಾಗಿರುತ್ತಿರಲಿಲ್ಲ. ಒಬ್ಬೊಬ್ಬರೂ ತಂತಮ್ಮ ಪಾಲಿನ ತುಂಡುಗಳನ್ನು ತಂದು ಜೋಡಿಸಿದಾಗಲೇ ಅದು ಬಲೆಯಾಗುತ್ತಿತ್ತು. ನೈಲಾನು ಬರುವುದಕ್ಕೆ ಮುಂಚೆ ನೂಲು ಕೊಳೆಯದಂತೆ ಅದನ್ನು ತೊಗಟೆಯ ಕಷಾಯದಲ್ಲಿ ಅದ್ದಿ, ಬಿಸಿಲಿಗೆ ಹರಡಿ, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯಬೇಕಾಗಿತ್ತು. ಬಂಗಡೆಯ ಅಥವಾ ತಾರ್ಲೆಯ ಗುಂಪು ದಡದ ಬಳಿ ಬಂದಿತೆಂದರೆ, ನೀರಿನ ಬಣ್ಣದಿಂದಲೇ ಅದನ್ನು ಗುರುತಿಸುವ ಅನುಭವಿ ಸನ್ನೆ ಮಾಡುವನು. ದೋಣಿಯವರು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಸುತ್ತಿ ಬರುವರು. ದಡದ ಮೇಲೆ ಎರಡು ಸಾಲಾಗಿ ನಿಂತ ಹತ್ತಾರು ಜನ ಒಂದೇ ಲಯದಲ್ಲಿ ಹಗ್ಗವನ್ನೆಳೆಯುವರು. ಬಂದ ಮೀನು ಪಾಲಿಗನುಸಾರವಾಗಿ ಹಂಚಿಹೋಗುವುದು. ಬುಟ್ಟಿ ಹೊತ್ತು ಊರೂರಿಗೆ ನಡೆಯುವ ಹೆಂಗಸರ ದುಡಿಮೆ ಅಲ್ಲಿಂದಾಚೆಗೆ ಆರಂಭವಾಗುವುದು. ಇಲ್ಲಿ ಒಬ್ಬನು ಸೋಮಾರಿಯಾದರೆ ಹಗ್ಗವೇ ಅದನ್ನು ಪಕ್ಕದವನಿಗೆ ತಿಳಿಸುತ್ತಿತ್ತು.

1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದುವು. ಮೀನಿನ ಗುಂಪು ದಡಕ್ಕೆ ಬರುವ ಮೊದಲೇ ಅವು ನಡುನೀರಿನಲ್ಲಿ ಅದನ್ನು ಸುತ್ತುಗಟ್ಟಿ ಎತ್ತಿದುವು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ಮುಗಿಯಿತು. ರಂಪಣಿಯವರ ದುಡಿಮೆಯಲ್ಲಿ ಏನಾದರೂ ಕೊರತೆಯಿತ್ತೆ? ಶ್ರದ್ಧೆಯಲ್ಲಿ ಲೋಪವಿತ್ತೆ? ಇಲ್ಲ. ಅದೇ ತೋಳು, ಅದೇ ಹಗ್ಗ, ಅದೇ ಮುಂಜಾವು. ಮೀನು ಮಾತ್ರ ದಡಕ್ಕೆ ಬರಲಿಲ್ಲ. ಆದಕಾರಣ “ದುಡಿದವನು ಎಂದಿಗೂ ಸೋಲನು” ಎಂದು ಘೋಷಿಸುವವರು ಈ ದಡದಲ್ಲಿ ನಿಂತು ಸ್ವಲ್ಪ ತಡೆದು ಮಾತನಾಡಬೇಕು. ಬಡವನು ಬಡವನಾಗಿರುವುದು ಅವನು ದುಡಿಯದೆ ಇರುವುದರಿಂದ ಎಂಬ ತೀರ್ಮಾನ ನಮ್ಮ ಉಪದೇಶದ ಬೆನ್ನಿಗೇ ಅಂಟಿಕೊಂಡಿರುವುದು. ಅದು ಸುಳ್ಳು, ಮತ್ತು ಕ್ರೂರವಾದ ಸುಳ್ಳು.

ಹಾಗಾದರೆ ದುಡಿಮೆಯಿಂದ ಆಗುವುದೇನು? ಅದು ಸಂಪತ್ತನ್ನು ತರುವುದೆಂದು ಭರವಸೆ ಕೊಡಲಾಗದು. ಆದರೆ ದುಡಿಯುವವನಲ್ಲಿ ಅದು ಏನನ್ನೋ ಕಟ್ಟುತ್ತದೆ. ಅದಕ್ಕೆ ಶ್ರದ್ಧೆ ಬೆರೆತಿರಬೇಕು. ಶ್ರದ್ಧೆಯೆಂದರೆ ಹೆಚ್ಚು ಹೊತ್ತು ದುಡಿಯುವುದಲ್ಲ. ಎತ್ತೂ ಹೆಚ್ಚು ಹೊತ್ತು ದುಡಿಯುವುದು. ಕೈಯಲ್ಲಿರುವ ಕೆಲಸವನ್ನು ಅರಿಯಬೇಕೆಂಬ ಆಸೆಯೇ ಶ್ರದ್ಧೆ.

ಇದಕ್ಕೆ ಅದೇ ಜಿಲ್ಲೆಯಲ್ಲಿ ಉತ್ತಮ ನಿದರ್ಶನವಿದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗರ ಮನೆಯ ಮಗಳು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಶಾಲೆಯ ಮುಖವನ್ನು ಕಾಣದೆ, ತಾಯಿಯ ಜೊತೆಗೆ ಅರಣ್ಯ ಇಲಾಖೆಯ ಸಸಿಮಡಿಗಳಿಗೆ ದಿನಗೂಲಿಗೆ ಹೋದವರು. ಮೂವತ್ತು ವರ್ಷಗಳಿಗೂ ಮೀರಿ ಅವರು ದಿನಗೂಲಿಯಾಗಿಯೇ ಇದ್ದರು. ಕೂಲಿಯ ಲೆಕ್ಕಕ್ಕೆ ಬೇಕಾದದ್ದು ಚೀಲಕ್ಕೆ ಮಣ್ಣು ತುಂಬಿ ಬೀಜ ಹಾಕುವುದಷ್ಟೆ. ಆದರೆ ಯಾವ ತಾಯಿಮರದ ಬೀಜ ಒಳ್ಳೆಯದು, ಅದನ್ನು ಯಾವ ಹೊತ್ತಿನಲ್ಲಿ ಆರಿಸಬೇಕು, ಯಾವುದಕ್ಕೆ ಎಷ್ಟು ನೀರು, ಎಷ್ಟು ನೆರಳು ಎಂಬುದನ್ನು ಅವರು ಕಾಡನ್ನು ನೋಡಿ ನೋಡಿಯೇ ಕಲಿತರು. ಓದುಬಲ್ಲ ಅಧಿಕಾರಿಗಳು ಓದುಬಾರದ ಕೂಲಿಯಾಳಿನಿಂದ ಪಾಠ ಹೇಳಿಸಿಕೊಳ್ಳುವಂತಾಯಿತು. 2020ನೆಯ ಸಾಲಿನ ಪದ್ಮಶ್ರೀ ಪ್ರಶಸ್ತಿಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಸ್ವೀಕರಿಸುವಾಗ ಅವರು ತಮ್ಮ ಜನರ ಉಡುಗೆಯಲ್ಲಿಯೇ, ಬರಿಗಾಲಿನಲ್ಲಿಯೇ ನಡೆದುಹೋದುದನ್ನು ದೇಶವೆಲ್ಲ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ಕಾಲವಾದರು. ಪ್ರಶಸ್ತಿ ಬಾರದೆ ಹೋಗಿದ್ದರೂ ಮರಗಳು ಬೆಳೆಯುತ್ತಲೇ ಇರುತ್ತಿದ್ದುವು. ಅವರ ಅರಿವೂ ಅಷ್ಟೇ ಇರುತ್ತಿತ್ತು. ಆದುದರಿಂದ ಪ್ರಶಸ್ತಿಯನ್ನು ಅವರ ದುಡಿಮೆಯ ಫಲವೆನ್ನುವುದಕ್ಕಿಂತ, ತಡವಾಗಿ ತೆರೆದ ನಮ್ಮ ಕಣ್ಣೆನ್ನುವುದು ಸರಿಯಾದ ಮಾತು.

ಶ್ರದ್ಧೆಯು ಒಬ್ಬರಲ್ಲಿಯೇ ಕೊನೆಗಾಣಬೇಕಾಗಿಲ್ಲ. ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಮಗ ಶಂಭು ಹೆಗಡೆಯವರು ತಂದೆಯಿಂದ ಬಂದುದನ್ನು ಹಾಗೆಯೇ ಕಾಪಾಡಿದುದಲ್ಲದೆ, ದಿಲ್ಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತು ಬಂದು, ಗುಣವಂತೆಯಲ್ಲಿ ಯಕ್ಷಗಾನದ ಶಿಕ್ಷಣಕ್ಕೆಂದೇ ಒಂದು ಕೇಂದ್ರವನ್ನು ಕಟ್ಟಿದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ಆಟದ ನಡುವೆಯೇ ಅಸ್ವಸ್ಥರಾಗಿ ತೀರಿಕೊಂಡರು. ರಾತ್ರಿಯಿಡೀ ಕುಣಿಯುವ ಕಲೆಯಲ್ಲಿ ಬೆವರಿಗೆ ಲೆಕ್ಕವಿಲ್ಲ. ಆದರೆ ಬರಿಯ ಬೆವರು ಮೂರು ತಲೆಮಾರು ನಿಲ್ಲಲಾರದು. ಕಲಿತದ್ದನ್ನು ಕಲಿಸಬೇಕೆಂಬ ಹಂಬಲ ಸೇರಿದುದರಿಂದ ಅದು ನಿಂತಿತು.

ಇನ್ನು ಕನಸಿನ ಮಾತು. ಬಲೆ ಹೆಣೆಯುವವನ ಮಗಳು ವೈದ್ಯಳಾಗುವ ಕನಸನ್ನು ಕಂಡರೆ ಅವಳ ದುಡಿಮೆಯೊಂದೇ ಸಾಲದು. ನಡೆದುಹೋಗುವ ದೂರದಲ್ಲಿ ಒಂದು ಶಾಲೆ ಇರಬೇಕು. ಇದನ್ನು ಆ ಜಿಲ್ಲೆಯಲ್ಲಿ ಸ್ಪಷ್ಟವಾಗಿ ಕಂಡವರು ದಿನಕರ ದೇಸಾಯಿಯವರು. ಚುಟುಕಗಳ ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ರೈತರ ಪರವಾಗಿ ಹೋರಾಡಿ ಪರಕೀಯ ಸರಕಾರದಿಂದ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ಅವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಕರಾವಳಿಯ ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆದರು. ಗೇಣಿದಾರನ ಮಗುವೂ ಮೀನುಗಾರನ ಮಗುವೂ ಅಲ್ಲಿ ಒಂದೇ ಹಲಗೆಯ ಮೇಲೆ ಕುಳಿತವು. ಆ ಮಕ್ಕಳು ದುಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅದನ್ನು ಅವರು ಮನೆಯಲ್ಲಿಯೇ ಕಲಿತು ಬಂದಿದ್ದರು. ದುಡಿಮೆ ಹರಿಯುವುದಕ್ಕೆ ಒಂದು ಕಾಲುವೆ ಮಾತ್ರ ಬೇಕಾಗಿತ್ತು. ದೇಸಾಯಿಯವರು ಅದನ್ನು ತೋಡಿದರು.

ಈಗ ಗಾದೆಗೆ ಹಿಂದಿರುಗೋಣ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಕೈ ಕೆಸರಾಗದೆ ಮೊಸರಿಲ್ಲವೆಂಬುದು ನಿಜ. ಕೆಸರಾದ ಪ್ರತಿಯೊಂದು ಕೈಗೂ ಮೊಸರು ದೊರೆಯುತ್ತದೆಂಬುದು ಮಾತ್ರ ತಾನಾಗಿ ನಡೆಯುವ ಸಂಗತಿಯಲ್ಲ. ಅದು ಸಮಾಜವು ಸಲ್ಲಿಸಬೇಕಾದ ಸಾಲ. ದುಡಿಮೆಯನ್ನು ದುಡಿಯುವವನು ತರುತ್ತಾನೆ. ಶ್ರದ್ಧೆಯನ್ನು ಅವನ ಅಂತರಂಗ ತರುತ್ತದೆ. ಅವಕಾಶವನ್ನು ತರಬೇಕಾದವರು ಉಳಿದವರು. ಓದು ಬಲ್ಲ ಪಟ್ಟಣಿಗರಾದ ನಾವು ಮೊದಲೆರಡನ್ನು ಕುರಿತು ಉಪನ್ಯಾಸ ಮಾಡುವುದು ಹೆಚ್ಚಾಗಿದೆ, ಮೂರನೆಯದನ್ನು ಕುರಿತು ಕೆಲಸ ಮಾಡುವುದು ಕಡಮೆಯಾಗಿದೆ. ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಬೆಲೆಗಾಗಿ ಜಗ್ಗಾಡುವ ಮುನ್ನ, ಆ ಬುಟ್ಟಿ ಎಷ್ಟು ಹೊತ್ತಿಗೆ ಯಾವ ದಡದಿಂದ ಹೊರಟಿತೆಂದು ಒಮ್ಮೆ ವಿಚಾರಿಸೋಣ. ಊರಿನ ಶಾಲೆಗೆ, ವಾಚನಾಲಯಕ್ಕೆ, ಒಬ್ಬ ಹುಡುಗನ ಫೀಜಿಗೆ ಕೈಲಾದುದನ್ನು ಕೊಡೋಣ. ಆಮೇಲೆ ನಮ್ಮ ಮಕ್ಕಳಿಗೆ ಗಾದೆಯನ್ನು ಹೇಳೋಣ. ಆಗ ಅದನ್ನು ಹೇಳುವ ಅಧಿಕಾರ ನಮಗೂ ಸ್ವಲ್ಪ ಬಂದಿರುತ್ತದೆ.